ಚೈನ್‌ಸಾ ರೀಬಿಲ್ಡಿಂಗ್: ಅಗ್ಗದ ಬಿಡಿಭಾಗಗಳ ಲೆಕ್ಕವೂ ಹೆಸರೂ

ದಾವಣಗೆರೆ ಎಂದರೆ ಹತ್ತಿ ಗಿರಣಿ, ಮಂಡಕ್ಕಿ ಭಟ್ಟಿ, ಮೆಕ್ಕೆಜೋಳದ ಮಂಡಿ. ಹರಿಹರ ಎಂದರೆ ಲೇಥ್ ಯಂತ್ರ. ಈ ಎರಡು ಊರುಗಳ ವಾಣಿಜ್ಯವನ್ನು ಕುರಿತ ಬರಹಗಳಲ್ಲಿ ಈ ಹೆಸರುಗಳೇ ಮತ್ತೆ ಮತ್ತೆ ಬರುತ್ತವೆ. ಆದರೆ ಬರಹಗಳಲ್ಲಿ ಕಾಣದ, ಲೆಕ್ಕಪುಸ್ತಕಗಳಲ್ಲಿ ಮಾತ್ರ ಕಾಣುವ ಸಣ್ಣ ವ್ಯಾಪಾರಗಳು ಇನ್ನೂ ಅನೇಕ ಇವೆ. ಮರ ಕೊಯ್ಯುವ ಚೈನ್‌ಸಾ, ಅಂದರೆ ಸರಪಳಿ ಗರಗಸಗಳನ್ನು ಬಿಚ್ಚಿ, ಸವೆದ ಭಾಗಗಳನ್ನು ತೆಗೆದು, ಅಗ್ಗದ ಬಿಡಿಭಾಗಗಳನ್ನು ಹಾಕಿ ಮತ್ತೆ ಕೆಲಸಕ್ಕೆ ಕಳುಹಿಸುವ ಉದ್ಯೋಗ ಅಂಥವುಗಳಲ್ಲಿ ಒಂದು.

ಈ ಯಂತ್ರಕ್ಕೆ ನಮ್ಮ ಸೀಮೆಯಲ್ಲಿ ಬೇಡಿಕೆ ಇರುವುದಕ್ಕೆ ಕಾರಣಗಳು ಸ್ಪಷ್ಟ. ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿ 1972ರಲ್ಲಿ ಆರಂಭವಾದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ನೀಲಗಿರಿ ಮರದ ತಿರುಳನ್ನು ಅವಲಂಬಿಸಿ ಬೆಳೆಯಿತು. ಚನ್ನಗಿರಿ, ಹೊನ್ನಾಳಿ ಭಾಗದ ಅಡಿಕೆ ಮತ್ತು ತೆಂಗಿನ ತೋಟಗಳಲ್ಲಿ ಹಳೆಯ ಮರ ತೆಗೆಯುವ ಕೆಲಸ ನಿಲ್ಲುವುದಿಲ್ಲ. ಸಾಮಿಲ್, ಕಟ್ಟಿಗೆ ಡಿಪೋ, ಬಾಯ್ಲರ್ ಉರಿಸುವ ಗಿರಣಿ, ಮಳೆಗಾಲದಲ್ಲಿ ರಸ್ತೆಗೆ ಬಿದ್ದ ಮರ ಎತ್ತಿಸುವ ಗುತ್ತಿಗೆದಾರ, ಎಲ್ಲರಿಗೂ ಗರಗಸ ಬೇಕು. ಹೊಸ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತಾದರೂ ಇತರ ಮರಗಳ ಕೊಯ್ಲು ಇದ್ದೇ ಇದೆ.

ಹೊಸ ಗರಗಸದ ಬೆಲೆ ಸಣ್ಣ ಗುತ್ತಿಗೆದಾರನಿಗೆ ಹೊರೆ. ಆದುದರಿಂದ ಅವನು ಹಳೆಯದನ್ನೇ ರಿಪೇರಿಗೆ ತರುತ್ತಾನೆ. ಅಂಗಡಿಯಲ್ಲಿ ಅವನ ಮುಂದೆ ಬರುವ ಪ್ರಶ್ನೆ ಒಂದೇ: “ಒರಿಜಿನಲ್ ಹಾಕಲೋ, ಲೋಕಲ್ ಹಾಕಲೋ?” ಈ ಪ್ರಶ್ನೆಗೆ ಉತ್ತರವನ್ನು ಬೆಲೆಪಟ್ಟಿಯಿಂದ ಮಾತ್ರ ಕೊಡುವುದು ಸರಿಯಲ್ಲ. ಅಗ್ಗದ ಭಾಗ ಹಾಕುವುದು ತಪ್ಪಲ್ಲ. ಯಾವ ಭಾಗ ಎಂಬುದನ್ನು ತಿಳಿಯದೆ ಹಾಕುವುದು ನಷ್ಟ, ಹಾಕಿದ್ದನ್ನು ಗ್ರಾಹಕನಿಂದ ಮರೆಮಾಚುವುದು ತಪ್ಪು. ಈ ಲೇಖನದ ಉದ್ದೇಶ ಇದನ್ನು ವಿವರಿಸುವುದೇ ಆಗಿದೆ.

ಬಿಡಿಭಾಗ ಎಂಬುದರಲ್ಲಿ ಮೂರು ಬಗೆ

ಮಾರುಕಟ್ಟೆಯಲ್ಲಿ ‘ಡೂಪ್ಲಿಕೇಟ್’ ಎಂಬ ಒಂದೇ ಪದದಿಂದ ಬೇರೆ ಬೇರೆ ವಸ್ತುಗಳನ್ನು ಕರೆಯುವ ರೂಢಿ ಇದೆ. ಈ ಗೊಂದಲ ಮೊದಲು ಹೋಗಬೇಕು.

ಮೊದಲನೆಯದು, ಗರಗಸ ತಯಾರಿಸಿದ ಕಂಪನಿಯೇ ತನ್ನ ಪೊಟ್ಟಣದಲ್ಲಿ ಕೊಡುವ ಭಾಗ. ಎರಡನೆಯದು, ಬೇರೊಬ್ಬ ತಯಾರಕ ತನ್ನದೇ ಹೆಸರಿನಲ್ಲಿ, ‘ಇಂಥ ಮಾದರಿಗೆ ಹೊಂದುತ್ತದೆ’ ಎಂದು ಹೇಳಿ ಮಾರುವ ಭಾಗ. ಇದು ಸಕ್ರಮ ವ್ಯಾಪಾರ. ಮೂರನೆಯದು, ಬೇರೊಬ್ಬ ತಯಾರಿಸಿ ಅದರ ಮೇಲೆ ಮೂಲ ಕಂಪನಿಯ ಹೆಸರು, ಮುದ್ರೆ, ಬಣ್ಣದ ಪೊಟ್ಟಣ ಹಾಕಿದ್ದು. ಇದು ನಕಲಿ. ಎರಡನೆಯದನ್ನೂ ಮೂರನೆಯದನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಬೇರೊಬ್ಬರ ಭಾಗ ಎಂದಾಕ್ಷಣ ಕೀಳು ಎಂದು ತಿಳಿಯಬೇಕಾಗಿಯೂ ಇಲ್ಲ. ಇಂದಿನ ಗರಗಸ ಸರಪಳಿಯ ವಿನ್ಯಾಸಕ್ಕೆ ತಳಹದಿ ಹಾಕಿದವನು ಅಮೆರಿಕದ ಆರೆಗನ್ ರಾಜ್ಯದ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವ ಕೆಲಸಗಾರ. ಮರ ಕೊರೆಯುವ ಹುಳುವಿನ ಬಾಯಿಯ ರಚನೆಯನ್ನು ಗಮನಿಸಿ, ಅದೇ ರೀತಿ ಎಡಕ್ಕೂ ಬಲಕ್ಕೂ ಕೊಯ್ಯುವ ಹಲ್ಲುಗಳ ಸರಪಳಿಯನ್ನು ರೂಪಿಸಿ 1947ರಲ್ಲಿ ಅದರ ತಯಾರಿಕೆಗೆ ಕಂಪನಿ ತೆರೆದನು. ಅವನು ಗರಗಸ ಕಂಪನಿ ತೆರೆಯಲಿಲ್ಲ, ಸರಪಳಿ ಕಂಪನಿ ತೆರೆದನು. ಅನಂತರ ಅನೇಕ ಕಂಪನಿಗಳ ಗರಗಸಗಳ ಮೇಲೆ ಆ ಸರಪಳಿ ಓಡಿತು. ಕಾರ್ಬುರೇಟರ್ ವಿಷಯದಲ್ಲಿಯೂ ಹೀಗೆಯೇ. ವಾಲ್‌ಬ್ರೋ, ಝಾಮಾ ಎಂಬ ಹೆಸರುಗಳು ಹಲವು ಕಂಪನಿಗಳ ಗರಗಸಗಳೊಳಗೆ ಕಾಣುತ್ತವೆ. ಬಿಡಿಭಾಗ ತಯಾರಕನು ಯಂತ್ರ ತಯಾರಕನಷ್ಟೇ ಗೌರವದ ಉದ್ಯಮಿಯಾಗಬಲ್ಲನು ಎಂಬುದಕ್ಕೆ ಇದು ನಿದರ್ಶನ.

ಬೋರ್ ಮಾಡಲಾಗದ ಸಿಲಿಂಡರ್

ನಮ್ಮ ಊರಿನ ಮೆಕ್ಯಾನಿಕ್‌ಗಳಿಗೆ ಪಂಪ್‌ಸೆಟ್ ಮತ್ತು ಟ್ರ್ಯಾಕ್ಟರ್ ಎಂಜಿನ್‌ಗಳ ರೀಬೋರ್ ಚಿರಪರಿಚಿತ. ಬೀಡು ಕಬ್ಬಿಣದ ಸಿಲಿಂಡರ್ ಸವೆದರೆ ಅದನ್ನು ಕೊರೆದು ದೊಡ್ಡದು ಮಾಡಿ, ಓವರ್‌ಸೈಜ್ ಪಿಸ್ಟನ್ ಹಾಕುತ್ತಾರೆ. ಚೈನ್‌ಸಾದಲ್ಲಿ ಇದು ನಡೆಯುವುದಿಲ್ಲ. ಇದರ ಸಿಲಿಂಡರ್ ಅಲ್ಯುಮಿನಿಯಮ್‌ನದು. ಒಳಗೋಡೆಗೆ ನಿಕ್ಕೆಲ್ ಅಥವಾ ಕ್ರೋಮ್ ಲೇಪನವಿರುತ್ತದೆ. ಆ ತೆಳುವಾದ ಲೇಪನವೇ ಸಿಲಿಂಡರ್‌ನ ಆಯುಷ್ಯ. ಕೊರೆದರೆ ಲೇಪನವೇ ಹೋಗುತ್ತದೆ. ಆದ್ದರಿಂದ ಸಿಲಿಂಡರ್ ಮತ್ತು ಪಿಸ್ಟನ್ ಎರಡನ್ನೂ ಜೊತೆಯಾಗಿ ಬದಲಾಯಿಸುವುದು ವಾಡಿಕೆ. ಅಗ್ಗದ ‘ಕಿಟ್’ಗಳಿಗೆ ಇಷ್ಟು ಬೇಡಿಕೆ ಬಂದದ್ದು ಇದರಿಂದಲೇ.

ಅಗ್ಗದ ಕಿಟ್‌ಗಳಲ್ಲಿ ಸಾಮಾನ್ಯವಾಗಿ ನೋಡಬೇಕಾದ ದೋಷಗಳು ಇವು: ಸಿಲಿಂಡರ್‌ನ ಕಿಂಡಿಗಳ, ಅಂದರೆ ಪೋರ್ಟ್‌ಗಳ ಅಂಚು ಚೂಪಾಗಿ ಉಳಿದು ಅಲ್ಲಿಂದ ಲೇಪನ ಏಳುವುದು, ಪಿಸ್ಟನ್ ರಿಂಗ್‌ನ ತುದಿಗಳ ನಡುವಿನ ಅಂತರ ಸರಿಯಿಲ್ಲದಿರುವುದು, ಪಿಸ್ಟನ್ ಪಿನ್ ಹಿಡಿದಿಡುವ ಸರ್ಕ್ಲಿಪ್ ಮೆತ್ತಗಿದ್ದು ಓಡುವಾಗ ಕಳಚಿಕೊಳ್ಳುವುದು. ಕಡೆಯದು ಕೆಲವೇ ರೂಪಾಯಿಯ ವಸ್ತು. ಆದರೆ ಅದು ಕಳಚಿದರೆ ಹೊಸ ಸಿಲಿಂಡರ್ ಕ್ಷಣಮಾತ್ರದಲ್ಲಿ ಗೀರಿ ಹಾಳಾಗುತ್ತದೆ. ಅನುಭವಿ ಮೆಕ್ಯಾನಿಕ್ ಪೋರ್ಟ್ ಅಂಚನ್ನು ಕೈಯಿಂದ ಉಜ್ಜಿ ನಯಮಾಡಿ, ರಿಂಗ್ ಅಂತರವನ್ನು ಫೀಲರ್ ಗೇಜ್‌ನಿಂದ ಅಳೆದು, ಕಿಟ್‌ನೊಡನೆ ಬಂದ ಸರ್ಕ್ಲಿಪ್‌ನ್ನು ಎಸೆದು ಒಳ್ಳೆಯದನ್ನು ಹಾಕುತ್ತಾನೆ.

ಇದಕ್ಕಿಂತ ಮುಖ್ಯವಾದದ್ದು ಕಾರಣವನ್ನು ಹುಡುಕುವುದು. ಪಿಸ್ಟನ್ ಗೀರಿದ ಗರಗಸ ಬಂದಾಗ ಪಿಸ್ಟನ್ ಬದಲಾಯಿಸಿ ಕಳುಹಿಸಿದರೆ ರೋಗ ಬಿಟ್ಟು ಲಕ್ಷಣಕ್ಕೆ ಮದ್ದು ಕೊಟ್ಟಂತೆ. ಈ ಟೂ-ಸ್ಟ್ರೋಕ್ ಎಂಜಿನ್‌ಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಯಲ್ಲಿಯೇ. 50 ಭಾಗ ಪೆಟ್ರೋಲಿಗೆ 1 ಭಾಗ ಎಣ್ಣೆ ಎಂದು ಕೈಪಿಡಿ ಹೇಳಿದರೆ ಲೀಟರಿಗೆ 20 ಮಿ.ಲೀ.; 25ಕ್ಕೆ 1 ಎಂದರೆ 40 ಮಿ.ಲೀ. ಅಂದಾಜಿನಲ್ಲಿ ಸುರಿದರೆ ಎಂಜಿನ್ ಬೇಯುತ್ತದೆ. ಕ್ರ್ಯಾಂಕ್‌ನ ಆಯಿಲ್ ಸೀಲ್ ಗಟ್ಟಿಯಾಗಿ ಬಿರಿದರೆ, ಕಾರ್ಬುರೇಟರ್ ಬಳಿಯ ರಬ್ಬರ್ ಬೂಟ್ ಸೀಳಿದರೆ ಹೊರಗಿನ ಗಾಳಿ ಒಳಸೇರಿ, ಪೆಟ್ರೋಲ್ ಕಡಿಮೆಯಾಗಿ, ಪಿಸ್ಟನ್ ಗೀರುತ್ತದೆ. ಕ್ರ್ಯಾಂಕ್‌ಕೇಸ್‌ಗೆ ಒತ್ತಡ ಮತ್ತು ನಿರ್ವಾತ ಕೊಟ್ಟು ಸೋರಿಕೆ ಪರೀಕ್ಷಿಸಿದರೆ ಇದು ತಿಳಿಯುತ್ತದೆ. ಈ ಪರೀಕ್ಷೆ ಮಾಡದೆ ಹಾಕಿದ ಭಾಗ ಮೂಲ ಕಂಪನಿಯದ್ದಾದರೂ ಸುಡುತ್ತದೆ. ಆಗ ಅಪವಾದ ಭಾಗದ ಮೇಲೆ ಬರುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಅಂಶ ಸೇರಿದೆ. ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟ ದೇಶದಲ್ಲಿ 2023ರಿಂದ ಆರಂಭವಾಗಿ ವ್ಯಾಪಕವಾಯಿತು. ಎಥನಾಲ್ ತೇವವನ್ನು ಹೀರುತ್ತದೆ. ಹಳೆಯ ಕಾಲದ ರಬ್ಬರ್ ನಳಿಗೆ, ಕಾರ್ಬುರೇಟರ್‌ನ ಡಯಾಫ್ರಾಮ್‌ಗಳಿಗೆ ಅದು ಒಗ್ಗುವುದಿಲ್ಲ. ಹಂಗಾಮು ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ ಇಡುವುದನ್ನು ಗ್ರಾಹಕರಿಗೆ ಹೇಳಿಕೊಡುವುದು ರಿಪೇರಿಯ ಒಂದು ಭಾಗವೆಂದೇ ತಿಳಿಯಬೇಕು.

ಗಂಟೆಯ ಲೆಕ್ಕ

ಈಗ ಲೆಕ್ಕಕ್ಕೆ ಬರೋಣ. ಕೆಳಗಿನ ಅಂಕಿಗಳು ಉದಾಹರಣೆಗಾಗಿ ಮಾತ್ರ. ಓದುಗರು ತಮ್ಮ ತಮ್ಮ ಅಂಕಿಗಳನ್ನು ಹಾಕಿಕೊಳ್ಳಬೇಕು.

ಮೂಲ ಕಂಪನಿಯ ಸಿಲಿಂಡರ್ ಕಿಟ್‌ಗೆ ರೂ. 9,000, ಕೂಲಿ ರೂ. 1,500, ಒಟ್ಟು ರೂ. 10,500 ಎಂದಿಟ್ಟುಕೊಳ್ಳೋಣ. ಗರಗಸ 600 ಗಂಟೆ ಓಡಿದರೆ ಗಂಟೆಗೆ ರೂ. 17.50 ಬೀಳುತ್ತದೆ. ಅಗ್ಗದ ಕಿಟ್‌ಗೆ ರೂ. 2,500, ಕೂಲಿ ಅಷ್ಟೇ, ಒಟ್ಟು ರೂ. 4,000. ಇದು 229 ಗಂಟೆ ಓಡಿದರೆ ಮೊದಲನೆಯದಕ್ಕೆ ಸಮ. ಅದಕ್ಕಿಂತ ಹೆಚ್ಚು ಓಡಿದಷ್ಟೂ ಲಾಭ. ಅಗ್ಗದ ಕಿಟ್ ಮೂಲದ್ದರ ಅರ್ಧಕ್ಕಿಂತ ಕಡಿಮೆ ಬಾಳಿದರೂ ನಷ್ಟವಿಲ್ಲ ಎಂದು ಈ ಲೆಕ್ಕ ಹೇಳುತ್ತದೆ. ಅಂಗಡಿಯ ಕಟ್ಟೆಯ ಮೇಲೆ ಸಾಮಾನ್ಯವಾಗಿ ನಡೆಯುವ ಲೆಕ್ಕ ಇದೇ.

ಆದರೆ ಗರಗಸ ಕೆಡುವುದು ಅಂಗಡಿಯಲ್ಲಲ್ಲ, ತೋಟದಲ್ಲಿ. ಅದು ನಿಂತ ದಿನ ಕೊಯ್ಯುವವನು, ಹೊರುವವರು, ಲಾರಿ ಎಲ್ಲವೂ ನಿಲ್ಲುತ್ತವೆ. ಪ್ರತಿ ಕೆಡುವಿಕೆಗೆ ಹೀಗೆ ರೂ. 3,000 ಹೋಗುತ್ತದೆಂದು ಸೇರಿಸಿದರೆ ಮೂಲ ಕಿಟ್‌ನ ವೆಚ್ಚ ರೂ. 13,500, ಗಂಟೆಗೆ ರೂ. 22.50. ಅಗ್ಗದ್ದು ರೂ. 7,000, ಅದು ಈಗ 311 ಗಂಟೆ ಓಡಿದರೆ ಮಾತ್ರ ಸಮ. ದಿನ ಕಳೆದದ್ದನ್ನು ಲೆಕ್ಕಕ್ಕೆ ತೆಗೆದುಕೊಂಡ ಕೂಡಲೇ ಅಗ್ಗದ ಭಾಗದ ಮೇಲಿನ ಹೊಣೆ ಹೆಚ್ಚಾಯಿತು. ಅಗ್ಗವೆಂದು ಮುಗ್ಗಿದ ಜೋಳ ಕೊಂಡವನ ಪಾಡು ಎಂದು ಹಿರಿಯರು ಹೇಳುವುದು ಇದನ್ನೇ.

ಮೂರನೆಯ ದಾರಿಯೊಂದಿದೆ. ಅಗ್ಗದ ಸಿಲಿಂಡರ್-ಪಿಸ್ಟನ್ ರೂ. 2,500, ಹೆಸರುಳ್ಳ ರಿಂಗ್, ಸರ್ಕ್ಲಿಪ್, ಬೇರಿಂಗ್, ಆಯಿಲ್ ಸೀಲ್, ಡಯಾಫ್ರಾಮ್ ಕಿಟ್‌ಗೆ ರೂ. 1,800; ಕೂಲಿ ರೂ. 1,500; ಅಂಚು ನಯಮಾಡುವುದಕ್ಕೂ ಸೋರಿಕೆ ಪರೀಕ್ಷೆಗೂ ರೂ. 700. ಕೆಡುವಿಕೆಯ ರೂ. 3,000 ಸೇರಿ ಒಟ್ಟು ರೂ. 9,500. ಇದು 423 ಗಂಟೆ ದಾಟಿದರೆ ಮೂಲ ಕಿಟ್‌ಗಿಂತ ಅಗ್ಗ. 500 ಗಂಟೆ ಓಡಿದರೆ ಗಂಟೆಗೆ ರೂ. 19. ದೊಡ್ಡ ಭಾಗದಲ್ಲಿ ಉಳಿಸಿ ಸಣ್ಣ ಭಾಗದಲ್ಲಿ ಖರ್ಚು ಮಾಡುವುದು, ಮತ್ತು ಭಾಗದಲ್ಲಿ ಉಳಿದದ್ದರಲ್ಲಿ ಒಂದು ಪಾಲನ್ನು ಮೆಕ್ಯಾನಿಕ್‌ನ ಕೈಕೆಲಸಕ್ಕೆ ಕೊಡುವುದು, ಇದು ಈ ದಾರಿಯ ಸಾರ. ಅಗ್ಗದ ಭಾಗಕ್ಕೆ ದುಬಾರಿ ಕೈ ಬೇಕು. ಎರಡೂ ಅಗ್ಗವಾದರೆ ಕೆಲಸ ಕೆಟ್ಟಿತು.

ಇದಕ್ಕೆ ಒಂದು ಮಿತಿಯನ್ನೂ ಹಾಕಿಕೊಳ್ಳಬೇಕು. ರಿಪೇರಿಯ ಅಂದಾಜು ಹೊಸ ಗರಗಸದ ಬೆಲೆಯ ಅರ್ಧ ದಾಟಿದರೆ ನಿಂತು ಯೋಚಿಸಬೇಕು. ಮೂಗಿಗಿಂತ ಮೂಗುತಿ ಭಾರವಾಗಬಾರದು.

ಉಳಿತಾಯ ಸಲ್ಲದ ಜಾಗ

ಮೇಲಿನ ಲೆಕ್ಕವೆಲ್ಲ ಎಂಜಿನ್‌ಗೆ ಸಂಬಂಧಿಸಿದ್ದು. ಗರಗಸದಲ್ಲಿ ಲೆಕ್ಕಕ್ಕೆ ಸಿಗದ ಭಾಗಗಳೂ ಇವೆ. ಬಾರ್‌ನ ತುದಿಯ ಮೇಲ್ಭಾಗ ಮರಕ್ಕೆ ತಗುಲಿದರೆ ಗರಗಸ ಹಿಂದಕ್ಕೆ, ಕೊಯ್ಯುವವನ ಮುಖದ ಕಡೆಗೆ ಚಿಮ್ಮುತ್ತದೆ. ಆ ಕ್ಷಣದಲ್ಲಿ ಸರಪಳಿಯನ್ನು ನಿಲ್ಲಿಸುವುದು ಚೈನ್ ಬ್ರೇಕ್‌ನ ಉಕ್ಕಿನ ಪಟ್ಟಿ. ಸರಪಳಿ ತುಂಡಾದರೆ ಅದು ಹಿಂಗೈಗೆ ಬಡಿಯದಂತೆ ತಡೆಯುವುದು ಚೈನ್ ಕ್ಯಾಚರ್ ಎಂಬ ಸಣ್ಣ ಗೂಟ. ಕೈಗೆ ನಡುಕ ಮುಟ್ಟದಂತೆ ತಡೆಯುವುದು ಹಿಡಿಕೆಯ ರಬ್ಬರ್ ಬುಷ್‌ಗಳು. ಬ್ರೇಕ್ ಪಟ್ಟಿ, ಕ್ಯಾಚರ್, ಸರಪಳಿ ಇವುಗಳಲ್ಲಿ ಹೆಸರಿಲ್ಲದ ಮಾಲು ಸರ್ವಥಾ ಬೇಡ. ಬ್ರೇಕ್ ಕೆಟ್ಟ ಗರಗಸವನ್ನು ‘ಎಂಜಿನ್ ಮಾತ್ರ ನೋಡಿ’ ಎಂದು ಗ್ರಾಹಕ ಹೇಳಿದರೂ ಬ್ರೇಕ್ ಸರಿಮಾಡದೆ ಅಂಗಡಿಯಿಂದ ಹೊರಗೆ ಬಿಡಬಾರದು. ಕೊಯ್ಯುವವನು ದಿನಗೂಲಿಯವನು, ಅವನ ಕೈಗೆ ಬದಲಿ ಭಾಗ ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ.

ಕಾನೂನು ಏನೆನ್ನುತ್ತದೆ?

ಬೇರೆ ಕಂಪನಿಯ ಗರಗಸಕ್ಕೆ ಹೊಂದುವ ಭಾಗವನ್ನು ತಯಾರಿಸಿ ಮಾರುವುದು ಅಪರಾಧವೇ ಎಂದು ಅನೇಕ ಸಣ್ಣ ತಯಾರಕರು ಅಂಜುತ್ತಾರೆ. 1999ರ ಟ್ರೇಡ್‌ಮಾರ್ಕ್ ಕಾಯಿದೆಯ 30ನೆಯ ಕಲಮು, ಒಂದು ಭಾಗ ಯಾವ ಯಂತ್ರಕ್ಕೆ ಹೊಂದುತ್ತದೆ ಎಂದು ತಿಳಿಸಲು ಅಗತ್ಯವಿರುವಷ್ಟು ಮಟ್ಟಿಗೆ ಆ ಯಂತ್ರದ ಹೆಸರನ್ನು ಬಳಸುವುದಕ್ಕೆ ಅವಕಾಶ ನೀಡಿದೆ. ಆದರೆ ಆ ಬಳಕೆ ಮಾಲಿನ ಮೂಲದ ಬಗ್ಗೆ ಭ್ರಮೆ ಹುಟ್ಟಿಸುವಂತಿರಬಾರದು. ‘ಇಂಥ ಮಾದರಿಗೆ ಹೊಂದುತ್ತದೆ’ ಎಂದು ತನ್ನ ಹೆಸರಿನೊಡನೆ ಬರೆಯುವುದು ಸರಿ. ಅವರ ಮುದ್ರೆಯನ್ನೇ ಒತ್ತುವುದು, ಗೊತ್ತಿದ್ದೂ ಅಂಥ ಮಾಲನ್ನು ಮಾರುವುದು ಜೈಲು ಶಿಕ್ಷೆಗೂ ದಂಡಕ್ಕೂ ಗುರಿಮಾಡುವ ಅಪರಾಧ. ವಿನ್ಯಾಸ ಅಥವಾ ಪೇಟೆಂಟ್ ನೋಂದಣಿ ಚಾಲ್ತಿಯಲ್ಲಿದೆಯೇ ಎಂಬುದನ್ನು ತಯಾರಕರು ಪ್ರತ್ಯೇಕವಾಗಿ ವಿಚಾರಿಸಿಕೊಳ್ಳಬೇಕು.

2020ರಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಉತ್ಪನ್ನ ಹೊಣೆಗಾರಿಕೆ ಎಂಬ ಹೊಸ ಅಧ್ಯಾಯವನ್ನು ಸೇರಿಸಿದೆ. ದೋಷದಿಂದ ದೇಹಕ್ಕೆ ಹಾನಿಯಾದರೆ ತಯಾರಕ, ಮಾರಾಟಗಾರ, ಸೇವೆ ನೀಡಿದವ ಇವರೆಲ್ಲರೂ ಸಂದರ್ಭಾನುಸಾರ ಉತ್ತರದಾಯಿಗಳಾಗಬಹುದು. ಸ್ವಯಂ ಉದ್ಯೋಗದಿಂದ ಜೀವನ ನಡೆಸಲು ಯಂತ್ರ ಕೊಂಡವನೂ ಈ ಕಾಯಿದೆಯಲ್ಲಿ ಗ್ರಾಹಕನೇ. ಎಲ್ಲ ಭಾಗಗಳನ್ನೂ ಬೇರೆ ಬೇರೆಯಾಗಿ ತರಿಸಿ ಇಡೀ ಗರಗಸವನ್ನೇ ಜೋಡಿಸಿ ಮಾರುವವನು ತಾನು ಮೆಕ್ಯಾನಿಕ್ ಮಾತ್ರ ಎಂದು ಹೇಳಿ ನುಣುಚಿಕೊಳ್ಳಲಾಗದು.

ಬಿಲ್ಲಿನ ವಿಷಯ

ಲೆಕ್ಕಪರಿಶೋಧಕರು ಪದೇ ಪದೇ ಕಾಣುವ ಬಿಲ್ಲು ಹೀಗಿರುತ್ತದೆ: ‘ಮಷಿನ್ ಪಾರ್ಟ್ಸ್, 1 ಸೆಟ್.’ ಇದು ಯಾರಿಗೂ ಉಪಯೋಗವಿಲ್ಲದ ಬರಹ. ಕೆಳಗಿನ ಅಂಶಗಳನ್ನು ವರ್ತಕರು ಗಮನಿಸುವುದು ಒಳ್ಳೆಯದು.

1. ಭಾಗ ಮತ್ತು ಕೂಲಿಯನ್ನು ಪ್ರತ್ಯೇಕ ಸಾಲುಗಳಲ್ಲಿ ತೋರಿಸಬೇಕು. ವಾಹನ ಸರ್ವಿಸಿಂಗ್ ಕುರಿತು 2018ರ ಜೂನ್ 8ರಂದು ಹೊರಟ ಜಿ.ಎಸ್.ಟಿ. ಸುತ್ತೋಲೆ, ಸರಕು ಮತ್ತು ಸೇವೆಯ ಮೌಲ್ಯಗಳನ್ನು ಪ್ರತ್ಯೇಕವಾಗಿ ತೋರಿಸಿದಲ್ಲಿ ಅವುಗಳಿಗೆ ಆಯಾ ದರ ಅನ್ವಯಿಸುತ್ತದೆ ಎಂದು ಸ್ಪಷ್ಟಪಡಿಸಿದೆ. ಚೈನ್‌ಸಾ ಮತ್ತು ಅದರ ಭಾಗಗಳು 8467 ಶೀರ್ಷಿಕೆಯಲ್ಲಿ, ಗರಗಸದ ಸರಪಳಿ 8202ರಲ್ಲಿ ಬರುತ್ತವೆ ಎಂಬುದೂ ನೆನಪಿರಲಿ.

2. ನೋಂದಣಿಯ ಮಿತಿ ರೂ. 40 ಲಕ್ಷ ಎಂದು ಭಾವಿಸಿ ಕುಳಿತಿರುವ ರಿಪೇರಿ ಅಂಗಡಿಗಳಿವೆ. ಆ ಮಿತಿ ಸರಕು ಮಾತ್ರ ಮಾರುವವರಿಗೆ. ಕೂಲಿಯ ಸೇವೆಯೂ ಸೇರಿದರೆ ನಮ್ಮ ರಾಜ್ಯದಲ್ಲಿ ಮಿತಿ ರೂ. 20 ಲಕ್ಷ.

3. ಬಿಲ್ಲಿಲ್ಲದ ಭಾಗಕ್ಕೆ ಹೂಡುವಳಿ ತೆರಿಗೆ ಜಮೆ ಇಲ್ಲ. ಶೇಕಡ 18ರ ದರದಲ್ಲಿ ರೂ. 2,500ರ ಭಾಗಕ್ಕೆ ತೆರಿಗೆ ರೂ. 450. ಬಿಲ್ಲಿಲ್ಲದೆ ರೂ. 2,300ಕ್ಕೆ ತಂದವನು ಉಳಿಸಿದ್ದು ಎಷ್ಟು? ನೋಂದಾಯಿತ ವರ್ತಕನು ಬಿಲ್ಲಿನೊಡನೆ ರೂ. 2,950 ಕೊಟ್ಟು ರೂ. 450 ಜಮೆ ಪಡೆದರೆ ಅವನ ನಿಜವಾದ ವೆಚ್ಚ ರೂ. 2,500. ಉಳಿತಾಯ ರೂ. 200 ಮಾತ್ರ; ಆ ರೂ. 200ಕ್ಕಾಗಿ ಭಾಗ ಕೆಟ್ಟರೆ ಕೇಳುವ ಹಕ್ಕನ್ನೇ ಬಿಟ್ಟುಕೊಟ್ಟಂತಾಯಿತು. ಲೆಕ್ಕಕ್ಕೆ ಸೇರದ ಖರೀದಿಯ ಅಪಾಯ ಬೇರೆ.

4. ಹಳೆಯ ಗರಗಸ ಕೊಂಡು ಸರಿಪಡಿಸಿ ಮಾರುವವರಿಗೆ, ಖರೀದಿಯ ಮೇಲೆ ಜಮೆ ಪಡೆಯದಿದ್ದರೆ, ಲಾಭಾಂಶದ ಮೇಲೆ ಮಾತ್ರ ತೆರಿಗೆ ಕಟ್ಟುವ ಅವಕಾಶ ಜಿ.ಎಸ್.ಟಿ. ನಿಯಮ 32(5)ರಲ್ಲಿ ಇದೆ. ಆದರೆ ಅದು ವಸ್ತುವಿನ ಸ್ವರೂಪ ಬದಲಾಯಿಸದ ಸಣ್ಣ ಸಂಸ್ಕರಣೆಗೆ ಸೀಮಿತ. ಪೂರ್ಣ ರೀಬಿಲ್ಡಿಂಗ್ ಇದರಲ್ಲಿ ಸೇರುವುದೇ ಎಂಬುದನ್ನು ಸಲಹೆ ಪಡೆದೇ ನಿರ್ಧರಿಸಬೇಕು.

5. ಗರಗಸದ ಮಾಲೀಕರಿಗೆ: ಇರುವ ಯಂತ್ರವನ್ನು ಉಳಿಸಿಕೊಳ್ಳುವ ವೆಚ್ಚ ದುರಸ್ತಿ, ಹೊಸ ಆಸ್ತಿ ತರುವ ವೆಚ್ಚ ಬಂಡವಾಳ. ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರಲ್ಲಿ, ಇಡೀ ರಿಂಗ್ ಫ್ರೇಮ್ ಬದಲಾಯಿಸುವುದು ಪ್ರಚಲಿತ ದುರಸ್ತಿಯಲ್ಲ ಎಂದು ತೀರ್ಪಿತ್ತಿತು. ಗಿರಣಿಗಳ ಊರಾದ ನಮಗೆ ಅದು ಪರಿಚಿತ ತೀರ್ಪು. ಸಿಲಿಂಡರ್ ಬದಲಾಯಿಸಿದರೆ ದುರಸ್ತಿ. ಕಿಟ್ ತರಿಸಿ ಹೊಸ ಗರಗಸವನ್ನೇ ಕಟ್ಟಿಸಿದರೆ ಬಂಡವಾಳ, ಅದಕ್ಕೆ ಸವಕಳಿ.

ಎಲ್ಲಕ್ಕಿಂತ ಮುಖ್ಯವಾಗಿ, ಹಾಕಿದ ಭಾಗ ಯಾರ ತಯಾರಿಕೆ ಎಂಬುದನ್ನು ಬಿಲ್ಲಿನಲ್ಲಿ ಬರೆಯಬೇಕು. ‘ಸಿಲಿಂಡರ್ ಕಿಟ್, ಮೂಲ ಕಂಪನಿಯದಲ್ಲ, ಆಯಿಲ್ ಸೀಲ್, ಮೂಲ ಕಂಪನಿಯದು’ ಎಂಬ ಎರಡು ಸಾಲು ಸಾಕು. ಬದಲಾಯಿಸಿದ ಹಳೆಯ ಭಾಗವನ್ನು ಗ್ರಾಹಕನ ಕೈಗೆ ಕೊಡಬೇಕು. ಎಷ್ಟು ಗಂಟೆ ಓಡಿತು ಎಂಬುದನ್ನು ಮುಂದಿನ ಸಲ ಬಂದಾಗ ಒಂದು ನೋಟ್‌ಬುಕ್ಕಿನಲ್ಲಿ ದಾಖಲಿಸಬೇಕು. ಎರಡು ವರ್ಷ ಹೀಗೆ ಬರೆದ ಅಂಗಡಿಯವನಿಗೆ ಯಾವ ತಯಾರಕನ ಮಾಲು ಬಾಳುತ್ತದೆ ಎಂಬುದು ಬೇರೆ ಯಾರಿಗಿಂತಲೂ ಚೆನ್ನಾಗಿ ತಿಳಿದಿರುತ್ತದೆ. ಆ ನೋಟ್‌ಬುಕ್ಕು ಅವನ ನಿಜವಾದ ಬಂಡವಾಳ.

ಹರಿಹರಕ್ಕೆ ಒಂದು ಮಾತು

1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇಥ್‌ಗಳಿಗೆ ಹೆಸರಾಗಿ, ಈ ಶತಮಾನದ ಆರಂಭದ ವರ್ಷಗಳಲ್ಲಿ ಮುಚ್ಚಿಹೋಯಿತು. ಕಾರ್ಖಾನೆ ನಿಂತರೂ ಅಲ್ಲಿ ತಯಾರಾದ ಲೇಥ್‌ಗಳು ನಿಲ್ಲಲಿಲ್ಲ. ಮೂಲ ಕಂಪನಿಯ ಭಾಗ ಸಿಗದ ಕಾಲದಲ್ಲಿ ಗೇರು, ಬುಷ್, ಲೀಡ್ ಸ್ಕ್ರೂಗಳನ್ನು ಬೇರೆಯವರು ಮಾಡಿಕೊಟ್ಟದ್ದರಿಂದಲೇ ಆ ಯಂತ್ರಗಳು ಇಂದಿಗೂ ವರ್ಕ್‌ಶಾಪ್‌ಗಳಲ್ಲಿ ತಿರುಗುತ್ತಿವೆ. ಹೊರಗಿನವರ ಬಿಡಿಭಾಗ ಎಂದರೆ ಕೀಳು ಎಂದು ಹರಿಹರದವರು ಹೇಳುವಂತಿಲ್ಲ; ಅದರ ಬೆಲೆ ಏನೆಂದು ಬಲ್ಲ ಊರು ಇದು.

ಹಾಗಿರುವಾಗ ಚೈನ್‌ಸಾದ ಬಿಡಿಭಾಗಗಳನ್ನು ಚೀನಾದಿಂದ ಬಂದ ಪೆಟ್ಟಿಗೆಗಳಿಂದಲೇ ಏಕೆ ಎತ್ತಿಕೊಳ್ಳಬೇಕು? ಲೇಪನವುಳ್ಳ ಸಿಲಿಂಡರ್‌ಗೆ ಭಾರಿ ಹೂಡಿಕೆ ಬೇಕಾದೀತು. ಆದರೆ ಕ್ಲಚ್ ಡ್ರಮ್, ಸ್ಪ್ರಾಕೆಟ್, ಬಾರ್ ನಟ್, ಬುಷ್, ಬಿಚ್ಚುವ ಪುಲ್ಲರ್‌ಗಳಂಥ ಸಾಧನಗಳು ನಮ್ಮ ಟರ್ನಿಂಗ್ ಶಾಪ್‌ಗಳ ಅಳವಿನಲ್ಲಿಯೇ ಇವೆ. ಸ್ಪ್ರಾಕೆಟ್‌ಗೆ ಬೇಕಾದದ್ದು ಸರಿಯಾದ ಉಕ್ಕು ಮತ್ತು ಮೇಲ್ಮೈಯ ಗಡಸುತನ. ಅದಿಲ್ಲದಿದ್ದರೆ ಹಲ್ಲು ಬೇಗ ಸವೆದು ಹೊಸ ಸರಪಳಿಯನ್ನೂ ಕೆಡಿಸುತ್ತದೆ. ಪ್ರತಿ ತಂಡದಿಂದ ಒಂದೆರಡು ಮಾದರಿಗಳ ಗಡಸುತನ ಪರೀಕ್ಷೆ ಮಾಡಿಸಿ, ಭಾಗದ ಮೇಲೆ ತಂಡದ ಸಂಖ್ಯೆ ಮತ್ತು ತಮ್ಮ ಸ್ವಂತ ಹೆಸರನ್ನು ಒತ್ತಬೇಕು. ನಗರದ ಇಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳನ್ನು ಇದಕ್ಕಾಗಿ ವಿಚಾರಿಸಬಹುದು. ಹತ್ತು ಜನ ರಿಪೇರಿಯವರು ತಮ್ಮ ನೋಟ್‌ಬುಕ್ಕುಗಳನ್ನು ಒಬ್ಬ ತಯಾರಕನ ಮುಂದಿಟ್ಟರೆ, ಯಾವ ಭಾಗ ಎಷ್ಟು ಬೇಕು, ಈಗಿನದು ಎಲ್ಲಿ ಸೋಲುತ್ತಿದೆ ಎಂಬ ಮಾಹಿತಿ ಖರ್ಚಿಲ್ಲದೆ ದೊರೆಯುತ್ತದೆ.

ಅಗ್ಗದ ಭಾಗ ಮಾರುವವನಿಗೆ ನಾಚಿಕೆಪಡುವ ಕಾರಣವಿಲ್ಲ, ಅದನ್ನು ಅದರ ಹೆಸರಿನಿಂದಲೇ ಮಾರಿದರೆ. ಆದುದರಿಂದ ವರ್ತಕ ಬಂಧುಗಳು ಈ ತಿಂಗಳಿನಿಂದಲೇ ಬಿಲ್ಲಿನಲ್ಲಿ ಆ ಎರಡು ಸಾಲುಗಳನ್ನು ಬರೆಯಲು ಆರಂಭಿಸಲಿ. ತಯಾರಕ ಬಂಧುಗಳು ಒಂದು ಸ್ಪ್ರಾಕೆಟ್‌ನಿಂದ ಆರಂಭಿಸಲಿ.